ಗಿರಣಿ ಅಕ್ಕನನ್ನು ಮನೆಗೆ ಕಳಿಸಿದ್ದು

ಆಸ್ಪತ್ರೆಗೆ ಸೇರಿಸುವವರು ಬಹಳ ಜನ. ಮನೆಗೆ ಕಳಿಸುವುದು ಮಾತ್ರ ನನ್ನ ನೌಕರಿ. ಅಂಗವಿಕಲರು ಮನೆಯಲ್ಲಿ ಅನುಕೂಲವಿಲ್ಲವೆಂದು ವಾರ್ಡಿನಲ್ಲೇ ಬಿದ್ದಿರಬಾರದು, ಅವರ ಮನೆಗೆ ರ‍್ಯಾಂಪ್, ಬಚ್ಚಲಿಗೆ ಹಿಡಿಕೆ, ಗಾಲಿಕುರ್ಚಿ ಒದಗಿಸಿ ಬೇಗ ಕಳಿಸಿ ಅಂತ ಸರ್ಕಾರ ಅನುದಾನ ಕೊಡುತ್ತದೆ. ಬೀದರದಲ್ಲಿ ಈ ಕೆಲಸ ಮಾಡುವವನಿಗೆ ನಗು ಬರುವ ಪ್ರಸಂಗಗಳಿಗೇನೂ ಕಡಿಮೆಯಿಲ್ಲ, ಆದರೆ ಡ್ಯೂಟಿಯಲ್ಲಿ ನಗುವ ಹಾಗಿಲ್ಲ. ಉಳಿದವರದು ಇರಲಿ, ಒಬ್ಬ ಅಕ್ಕನದೇ ಹೇಳುತ್ತೇನೆ.

ವಾರ್ಡಿನಲ್ಲಿ

ಔರಾದ ತಾಲೂಕಿನ ಡಾಬಕಾದಲ್ಲಿ ಆಕೆಯ ಮನೆಯ ಮುಂದಿನ ಖೋಲಿಯೇ ಹಿಟ್ಟಿನ ಗಿರಣಿ. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆಯಬೇಕಾಯಿತು. ಕಾಲಿಗಾಗಿ ಒಂದು ದಿನ ಅತ್ತಳು, ಗಿರಣಿಗಾಗಿ ದಿನಾ ಅಳುತ್ತಿದ್ದಳು. ಬಾಗಿಲು ಮುಚ್ಚಿದ್ದರಿಂದ ಗಿರಾಕಿಗಳೆಲ್ಲ ಊರಿನ ಇನ್ನೊಂದು ಗಿರಣಿಗೆ ಹೋಗುತ್ತಿದ್ದರು. ಇನ್ನೂ ತಡವಾದರೆ ಅವರು ತಿರುಗಿ ಬರುವುದಿಲ್ಲ ಅನ್ನುವ ಹೆದರಿಕೆ. ಆ ಸಂಕಟವನ್ನೆಲ್ಲ ಆಕೆ ನರ್ಸ್‌ಗಳನ್ನು ಬೈದು ತೀರಿಸಿಕೊಳ್ಳುತ್ತಿದ್ದಳು.

"ಅಕ್ಕಾ, ನೀವು ಲಗೂ ಮನಿಗಿ ಹೋಗ್ಲಿ ಅಂತ ಸರ್ಕಾರ ರೊಕ್ಕ ಕೊಡ್ತದರಿ," ಅಂದೆ.

ಆಕೆ ಗಾಬರಿಯಾದಳು. "ನನ್ನ ಬಾಯಿ ಬೆಂಗಳೂರ ತನಕ ಕೇಳ್ಸ್ಯಾದೇನ್ರಿ?"

ಹೊಸ್ತಿಲು

ರ‍್ಯಾಂಪ್ ಮುಗಿಯಿತೆಂದು ಡಾಬಕಾದ ಗೌಂಡಿ ಫೋನ್ ಮಾಡಿದ. ಹೋಗಿ ನೋಡಿದೆ. ನಿಜಕ್ಕೂ ಚೆಂದ ಕಟ್ಟಿದ್ದ, ನುಣುಪಾಗಿತ್ತು. ಆದರೆ ಅದು ಮುಗಿಯುವಲ್ಲಿ ಹಳೆಯ ಹೊಸ್ತಿಲು ಅರಿಶಿನ ಕುಂಕುಮ ಹಚ್ಚಿಕೊಂಡು ಗೇಣುದ್ದ ಎದ್ದು ನಿಂತಿತ್ತು. ಪೂಜೆ ಮಾಡುವ ಹೊಸ್ತಿಲನ್ನು ಯಾರೂ ಕಡಿಯುವುದಿಲ್ಲ, ಅವನೂ ಕಡಿದಿರಲಿಲ್ಲ.

"ಕುರ್ಚಿ ಇಲ್ಲಿ ತನಕ ಬಂತಪ್ಪಾ. ಮುಂದ ಹ್ಯಾಂಗ?"

ಗೌಂಡಿ ಹೊಸ್ತಿಲ ಮೇಲಿನ ಸಿಮೆಂಟಿನ ಧೂಳು ಒರೆಸಿದ. "ನಮಸ್ಕಾರ ಮಾಡಬೇಕ್ರಿ," ಅಂದ.

ಭಾಲ್ಕಿಯ ಬೀಗರು

ಕೊನೆಗೆ ಹೊಸ್ತಿಲ ಮೇಲೆ ಹಲಗೆಯ ಸೇತುವೆ ಹಾಕಿಸಿ ಅಕ್ಕನನ್ನು ಶುಕ್ರವಾರ ಕಳಿಸಿದೆವು. ಭಾಲ್ಕಿಯ ಬೀಗರು ಆಕೆಯನ್ನು ಮಾತಾಡಿಸಲು ರವಿವಾರ ಆಸ್ಪತ್ರೆಗೆ ಬರುವವರಿದ್ದರು. ಅವರಿಗೆ ಯಾರೂ ತಿಳಿಸಲಿಲ್ಲ.

ಒಂದು ಜೀಪು ತುಂಬ ಬಂದರು. ಬ್ರೆಡ್ಡು, ಬಾಳೆಹಣ್ಣು, ಎಳನೀರು. ಅಕ್ಕನ ಮಂಚದ ಮೇಲೆ ಈಗ ಮೈಲೂರಿನ ಒಬ್ಬ ಮುದುಕಿ ಮಲಗಿದ್ದಳು. ಬೆನ್ನ ಮೇಲಿನ ಸಣ್ಣ ಕುರು ಕೊಯ್ಯಿಸಿಕೊಳ್ಳಲು ಬಂದವಳು. ಬೀಗರಿಗೆ ತಪ್ಪು ಗೊತ್ತಾಯಿತು. ಆದರೆ ರೋಗಿಗೆಂದು ಒಯ್ದದ್ದನ್ನು ತಿರುಗಿ ಮನೆಗೆ ತರಬಾರದು. ಎಲ್ಲವನ್ನೂ ಮುದುಕಿಯ ಕೈಗೇ ಕೊಟ್ಟು, ಸುತ್ತ ಕುಳಿತು, ಧೈರ್ಯ ಹೇಳಿದರು. ದಾರಿಯುದ್ದಕ್ಕೂ ಅಳು ತಡೆದುಕೊಂಡು ಬಂದಿದ್ದ ಹೆಂಗಸೊಬ್ಬಳು ಅದನ್ನೂ ಅತ್ತು ಮುಗಿಸಿದಳು.

ಅವರು ಹೋದ ಮೇಲೆ ಮುದುಕಿ ನನ್ನನ್ನು ಹತ್ತಿರ ಕರೆದಳು. "ಬೇಟಾ, ಸಚ್ ಹೇಳು. ಡಾಕ್ಟರ್ ಸಾಬ್ ನನ್ನ ಬಗ್ಗಿ ಏನ್ ಮುಚ್ಚಿಟ್ಟಾರ?"

ಗಿರಣಿಯಲ್ಲಿ

ಕೊಟ್ಟ ಸಾಮಾನನ್ನು ಫಲಾನುಭವಿ ಬಳಸುತ್ತಿದ್ದಾರೆಂದು ಫೋಟೋ ತೆಗೆದು ಕಳಿಸಬೇಕು. ಮತ್ತೆ ಡಾಬಕಾಕ್ಕೆ ಹೋದೆ. ಗಿರಣಿ ಮುಚ್ಚಿಯೇ ಇದ್ದರೆ ಆಕೆಗೆ ಏನು ಹೇಳಲಿ ಅನ್ನುವ ಚಿಂತೆ ಇತ್ತು. ಬಸ್ಸು ಇಳಿಯುವಾಗಲೇ ಗಿರಣಿಯ ಸದ್ದು ಕೇಳಿಸಿತು. ಬಹಳ ಸಂತೋಷವಾಯಿತು.

ಅಕ್ಕ ಸ್ವಿಚ್ಚಿನ ಪಕ್ಕ ಎತ್ತರದ ಸ್ಟೂಲಿನ ಮೇಲೆ ಕುಳಿತು, ಮೈಯೆಲ್ಲ ಹಿಟ್ಟಾಗಿ, ಗಿರಾಕಿಗಳನ್ನು ಬೈಯುತ್ತಿದ್ದಳು. ಗಾಲಿಕುರ್ಚಿ ಕಾಣಲಿಲ್ಲ.

"ಅಕ್ಕಾ, ಕುರ್ಚಿ ಎಲ್ಲ್ಯದರಿ?"

"ಜ್ವಾಳ ತರ್ಲಿಕ್ಕ ಹೋಗ್ಯಾದರಿ."

ಅಷ್ಟರಲ್ಲಿ ಒಬ್ಬ ಅಜ್ಜಿ ಅದನ್ನು ರ‍್ಯಾಂಪ್ ಮೇಲೆ ತಳ್ಳಿಕೊಂಡು ಬಂದಳು. ಕುರ್ಚಿಯಲ್ಲಿ ಜೋಳದ ಚೀಲ ನೆಟ್ಟಗೆ ಕುಳಿತಿತ್ತು. ತಲೆ ಮೇಲೆ ಹೊರುವ ಕೆಲಸ ತಪ್ಪಿತೆಂದು ಹಳೆಯ ಗಿರಾಕಿಗಳೆಲ್ಲ ತಿರುಗಿ ಬಂದಿದ್ದರು. ಹೊಸಬರೂ ಬಂದಿದ್ದರು.

ಸರ್ಕಾರದ ಮುಖ ಮಾಡಿಕೊಂಡು ಹೇಳಿದೆ: "ಅದು ನಿಮಗ ಕೊಟ್ಟದ್ದರಿ, ಮಂದಿಗಲ್ಲ."

"ಖರೇನೇ ಅದರಿ. ನಿನ್ನಿ ಆ ಇನ್ನೊಂದು ಗಿರಣಿಯವ ಬಂದಿದ್ದ. ಅಕ್ಕಾ, ಇಂಥಾ ಕುರ್ಚಿ ನನಗೂ ಸಿಗ್ತದೇನು ಅಂತ ಕೇಳ್ದ."

"ನೀವೇನಂದ್ರಿ?"

"ಸಿಗ್ತದ, ಮೊದಲ ಒಂದು ಕಾಲು ಕೊಟ್ಟು ಬಾ ಅಂದೀನ್ರಿ."