ಪಿಸ್ತೂಲಿಗೆ ವಿಭೂತಿ

ಮನೆಯ ಸಾಮಾನುಗಳಲ್ಲಿ ಕೆಲವು ಬಳಸಿ ಬಳಸಿ ಹಾಳಾಗುತ್ತವೆ, ಕೆಲವು ಪೂಜೆ ಮಾಡಿಸಿಕೊಂಡೇ ಹಾಳಾಗುತ್ತವೆ. ನನ್ನ ಒರಳುಕಲ್ಲು ಮೊದಲನೆಯ ಜಾತಿಗೆ ಸೇರಿದ್ದು. ಅದಕ್ಕೆ ವರ್ಷಕ್ಕೊಂದು ಕುಂಕುಮದ ಬೊಟ್ಟು ಸಿಕ್ಕಿದರೆ ಹೆಚ್ಚು. ಮಾವನವರ ಪಿಸ್ತೂಲು ಎರಡನೆಯ ಜಾತಿಯದು. ಹೆಂಗಸಾದ ನನಗೆ ಪಿಸ್ತೂಲಿನ ವಿಚಾರ ಯಾಕೆ ಎಂದು ನೀವು ಕೇಳಬಹುದು. ಆದರೆ ಅದನ್ನು ಬಿಚ್ಚಿದ್ದು ನನ್ನ ಹಿತ್ತಲಲ್ಲಿ, ತೊಳೆದದ್ದು ನನ್ನ ಸೀಮೆಎಣ್ಣೆಯಲ್ಲಿ, ಒರೆಸಿದ್ದು ನನ್ನ ಹಳೆಯ ಸೀರೆಯ ಚಿಂದಿಯಲ್ಲಿ. ಇಷ್ಟಾದ ಮೇಲೆ ಆ ಪಿಸ್ತೂಲಿನ ಬಗ್ಗೆ ಎರಡು ಮಾತು ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಮಾವನವರು ಕೊಣನೂರು, ಅರಕಲಗೂಡಿನ ಕಡೆಯಿಂದ ಹೊಗೆಸೊಪ್ಪಿನ ಗಾಡಿ ಹೊಡೆಸಿಕೊಂಡು ಹಾಸನಕ್ಕೆ ಹೋಗಿಬರುತ್ತಿದ್ದರು. ದಾರಿಯಲ್ಲಿ ಕಳ್ಳರ ಭಯವೆಂದು ಲೈಸೆನ್ಸ್ ಮಾಡಿಸಿ, ವಿಲಾಯಿತಿಗೆ ಹೊರಟು ನಿಂತಿದ್ದ ಒಬ್ಬ ಕಾಫಿ ತೋಟದ ದೊರೆಯಿಂದ ಅದನ್ನು ಕೊಂಡರಂತೆ. ಒಂದು ಗುಂಡು ಹಾರಿದ ಕೂಡಲೇ ಮುಂದಿನದು ತಾನಾಗಿ ಬಂದು ಕೂರುವ ಪಿಸ್ತೂಲು ಅದು. ಕಳ್ಳರು ಒಮ್ಮೆಯೂ ಬರಲಿಲ್ಲ. ಒಂದು ಸಲ ನರಿಯೊಂದು ಅಡ್ಡ ಬಂದಾಗ ಮಾವನವರು ಹೊಡೆದರಂತೆ. ನರಿ ಕ್ಷೇಮವಾಗಿ ಹೋಯಿತು, ಗಾಡಿಗೆ ಕಟ್ಟಿದ್ದ ಕೀಲೆಣ್ಣೆಯ ಬುಂಡೆ ಒಡೆಯಿತು. ಈ ಕಥೆಯನ್ನು ಅವರು ಹೇಳುವಾಗ ನರಿ ಸಾಯುತ್ತಿತ್ತು, ಅತ್ತೆ ಹೇಳುವಾಗ ಬದುಕುತ್ತಿತ್ತು. ನಾನು ಅತ್ತೆಯ ಮಾತನ್ನೇ ನಂಬಿದವಳು.

ಮಾವನವರು ತೀರಿಕೊಂಡ ಮೇಲೆ ಪಿಸ್ತೂಲು ದೇವರ ಗೂಡು ಸೇರಿತು. ಗುಂಡುಗಳು ನಮ್ಮ ಯಜಮಾನರ ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಕುಳಿತವು. ಹೀಗಿರುವಾಗ ನಮ್ಮ ಹೊಳೆನರಸೀಪುರದ ಅಮಲ್ದಾರರಿಂದ ಕರೆ ಬಂತು. ಲೈಸೆನ್ಸ್ ಸತ್ತವರ ಹೆಸರಿನಲ್ಲಿದೆ. ಮಗನ ಹೆಸರಿಗೆ ಆಗಬೇಕಾದರೆ ಪಿಸ್ತೂಲನ್ನು ತಂದು ತಮ್ಮೆದುರು ಹಾರಿಸಿ ತೋರಿಸಬೇಕು, ಹಾರದಿದ್ದರೆ ಅದು ಹಾಸನಕ್ಕೆ ಹೋಗಿ ಸರ್ಕಾರದ ಉಗ್ರಾಣ ಸೇರುತ್ತದೆ ಎಂದರಂತೆ. ತಿಂಗಳ ಕೊನೆಯವರೆಗೆ ಗಡುವು.

ಈ ಸುದ್ದಿ ಕೇಳಿ ಅತ್ತೆ ಮುದ್ದೆಯ ಮುಂದಿನಿಂದ ಎದ್ದುಬಿಟ್ಟರು. "ನಿಮ್ಮಪ್ಪನ ಸೊಂಟದಲ್ಲಿದ್ದದ್ದು ಕಣ್ಲಾ ಅದು. ಯಾವನೋ ಜವಾನ ಎತ್ತಿ ಮೂಲೆಗೆ ಎಸಿತಾನೆ. ಮನೆ ಬಿಟ್ಟು ಓಗಕೂಡದು" ಎಂದರು. ಅತ್ತೆ ಹಟದ ಹೆಂಗಸಲ್ಲ. ಮಾವನವರ ಶಾಲು, ಚಪ್ಪಲಿ, ಕೊಡೆ ಎಲ್ಲವನ್ನೂ ಕೇಳಿದವರಿಗೆ ಕೊಟ್ಟು ಕೈ ತೊಳೆದುಕೊಂಡಿದ್ದವರು. ಇದೊಂದರ ವಿಷಯದಲ್ಲಿ ಮಾತ್ರ ಅವರು ಬಗ್ಗಲಿಲ್ಲ. ಮಾರನೆಯ ದಿನವೂ ಅವರು ಸರಿಯಾಗಿ ಉಣ್ಣಲಿಲ್ಲ.

ನಮ್ಮ ಯಜಮಾನರು ಪಿಸ್ತೂಲನ್ನು ಗೂಡಿನಿಂದಿಳಿಸಿ ಅದರ ಮೇಲ್ಭಾಗವನ್ನು ಹಿಂದಕ್ಕೆಳೆದು ನೋಡಿದರು. ಅಲ್ಲಾಡಲಿಲ್ಲ. ಕುದುರೆ ಒತ್ತಿದರು. ಗುಂಡು ಹಾರಿಸುವ ಆ ಕೀಲೂ ಅಲ್ಲಾಡಲಿಲ್ಲ. ಅತ್ತೆ ಊಟವಾದ ಮೇಲೆ ಮಲಗುವ ಹೊತ್ತು ನೋಡಿ ಹಿತ್ತಲ ಕಲ್ಲಿನ ಮೇಲೆ ಅದನ್ನು ಬಿಚ್ಚಲು ಕುಳಿತರು. ನಾನು ಮಜ್ಜಿಗೆಯ ಚರಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಯಾವುದೋ ಮೊಳೆ ಸಡಿಲವಾದ ಕೂಡಲೇ ಒಳಗಿನ ಸ್ಪ್ರಿಂಗ್ ಕಪ್ಪೆಯಂತೆ ನೆಗೆದು ಸೀದಾ ಮಜ್ಜಿಗೆಗೆ ಬಿತ್ತು.

"ಲೇ, ಬೇಗ ತೆಗಿಯೇ, ತುಕ್ಕು ಹಿಡೀತದೆ!" ಎಂದು ಅವರು ಕೂಗಿಕೊಂಡರು.

"ನನ್ನ ಮಜ್ಜಿಗೆಗೆ ಏನ್ ಹಿಡೀತದೆ ಅಂತ ಕೇಳಿದ್ರಾ?" ಎಂದೆ. ಕೇಳಿರಲಿಲ್ಲ. ಇಷ್ಟಾಗಿ ಆ ಸ್ಪ್ರಿಂಗ್ ಮಜ್ಜಿಗೆಗೆ ಬೀಳುವ ಮೊದಲೇ ಸೊರಗಿತ್ತು. ಹೊಸದನ್ನು ಹಾಸನದಿಂದ ತರಿಸಬೇಕಾಯಿತು.

ಪಿಸ್ತೂಲಿನ ಹೊಟ್ಟೆಯೊಳಗೆ ಕಂಡದ್ದು ತುಕ್ಕಿಗಿಂತ ಹೆಚ್ಚಾಗಿ ಬೆಳ್ಳಗಿನ, ಗಾರೆಯಂಥ ಪದರ. ಸಂದುಗೊಂದುಗಳಲ್ಲೆಲ್ಲ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದೆ. ವಿಭೂತಿ! ಪ್ರತಿ ಆಯುಧಪೂಜೆಗೂ ಅತ್ತೆ ವಿಭೂತಿಯನ್ನು ನೀರಿನಲ್ಲಿ ಕಲೆಸಿ ಪಿಸ್ತೂಲಿಗೆ ಧಾರಾಳವಾಗಿ ಬಳಿದು, ಮೇಲೆ ಎಳನೀರು ಚಿಮುಕಿಸುತ್ತಿದ್ದರು. ಎಳನೀರು, ವಿಭೂತಿ, ದೀಪದ ಎಣ್ಣೆ ಮೂರೂ ಸೇರಿ ಒಳಗೆ ಗೋಡೆ ಕಟ್ಟಿದ್ದವು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಅವ್ವನಿಗೆ ಹೇಳ್ಬೇಡ ಕಣೆ. ತನ್ನ ಕೈಯಾರೆ ಕೆಟ್ಟೋಯ್ತು ಅಂತ ನೊಂದ್ಕೋತಾಳೆ" ಎಂದರು ಯಜಮಾನರು. ಹಾಗೆ ಹೇಳುವಾಗ ಅವರ ದನಿ ಮೆತ್ತಗಾಗಿತ್ತು. ನನಗೂ ಅದೇ ಸರಿಯೆನ್ನಿಸಿತು.

ಆಗ ಯುದ್ಧದ ಕಾಲ. ಸೀಮೆಎಣ್ಣೆ ಅಳತೆಯಲ್ಲಿ ಸಿಗುತ್ತಿತ್ತು. ನಮ್ಮ ಪಾಲಿನದೆಲ್ಲ ಪಿಸ್ತೂಲಿನ ಅಭ್ಯಂಜನಕ್ಕೆ ಸುರಿದುದರಿಂದ ಬೆಳಕಿರುವಾಗಲೇ ಉಂಡು ಪಾತ್ರೆ ಬೆಳಗಿ ಮುಗಿಸುತ್ತಿದ್ದೆವು. ಹಬ್ಬಕ್ಕೆ ಬಂದ ಅಳಿಯನನ್ನು ಉಪಚರಿಸಿದಂತೆ ಅದನ್ನು ನೆನೆಸಿ, ತಿಕ್ಕಿ, ಒರೆಸಿ, ನೆರಳಲ್ಲಿ ಆರಿಸಿದೆವು. ಬಾಣಂತಿಗೂ ನಾನು ಇಷ್ಟು ಸೇವೆ ಮಾಡಿದವಳಲ್ಲ. ನಳಿಗೆಯೊಳಗೆ ತೂರಿಸಿ ಎಳೆಯಲು ನನ್ನ ಮದುವೆಯ ರವಿಕೆಯ ತೋಳೇ ಸರಿಯಾದ ಅಳತೆಯೆಂದು ಯಜಮಾನರು ಕಂಡುಹಿಡಿದರು. ಈಗ ಅದು ನನ್ನ ತೋಳಿಗಂತೂ ಆಗುತ್ತಿರಲಿಲ್ಲ, ಕೊಟ್ಟೆ.

ಹಿಡಿಯ ಎರಡು ಕಡೆಯ ಕರಿಯ ಬಿಲ್ಲೆಗಳು ಸೀಳಿಹೋಗಿದ್ದವು. ಅವಕ್ಕೆ ಬದಲು ಬೀಟೆ ಮರದಲ್ಲಿ ಹೊಸದು ಮಾಡಲು ನಮ್ಮ ಬೀದಿಯ ಆಚಾರಿಯನ್ನು ಕರೆಸಿದರು. ಆಚಾರಿ ಯಜಮಾನರ ಅಂಗೈಯನ್ನು ತಿರುವಿ ಮುರುವಿ ನೋಡಿ, "ನಿಮ್ಮಪ್ಪಾರ ಕೈ ಮೊರದಂಗಿತ್ತು ಬುದ್ಧಿ. ನಿಮ್ದು ಸೌಟಿನಂಗದೆ. ಇದು ಅವರ ಕೈಗೆ ಆಗೋ ಆಯ್ದ. ಸಣ್ಣ ಮಾಡ್ದೆ ಆಗಾಕಿಲ್ಲ" ಎಂದ. ಯಜಮಾನರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ತಂದೆಯ ಅಳತೆಗೆ ತಾನು ಸಾಲುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಮರಗೆಲಸದವನು ಅಳೆದು ಹೇಳಿದರೆ ಬೇರೆಯೇ.

ಆಚಾರಿ ತಂದ ಹಿಡಿ ನುಣ್ಣಗೆ, ಸೊಗಸಾಗಿತ್ತು. ಆದರೆ ಎರಡು ಕಡೆಯೂ ಒಂದೊಂದು ಬಸವಣ್ಣ ಮಲಗಿದ್ದ. "ಸಾದಾ ಇರ್ಲಿ ಅಂದಿದ್ನಲ್ಲಯ್ಯಾ!" ಎಂದರೆ, "ಬರೀ ಮರ ಬೋಳುಬೋಳು ಕಾಣ್ತಿತ್ತು ಬುದ್ಧಿ. ಅದ್ಕೇ ಕೂರಿಸ್ಬುಟ್ಟೆ" ಎಂದ. ಬಸವಣ್ಣನನ್ನು ಕೆತ್ತಿ ತೆಗೆಯುವುದು ಯಾರಿಂದಾದೀತು? ಹಾಗೇ ಉಳಿಯಿತು.

ತಾಲ್ಲೂಕು ಕಚೇರಿಯ ಹಿಂದೆ ನಡೆದದ್ದನ್ನು ನಾನು ನೋಡಿದವಳಲ್ಲ. ಯಜಮಾನರು ಹೇಳಿದ್ದರಲ್ಲಿ ಅರ್ಧ ಕಳೆದು ಬರೆಯುತ್ತೇನೆ. ಅಮಲ್ದಾರರು ಪಿಸ್ತೂಲನ್ನು ತಿರುಗಿಸಿ ನೋಡಿ, "ಏನ್ರೀ ಇದು, ಪಿಸ್ತೂಲೋ ದೇವರ ಮಂಟಪವೋ?" ಎಂದರಂತೆ. ಮಣ್ಣಿನ ದಿಬ್ಬಕ್ಕೆ ಒರಗಿಸಿ ಒಂದು ಮಡಕೆ ಇಟ್ಟಿದ್ದರು. ಬಸವಣ್ಣನನ್ನು ಬಿಗಿಯಾಗಿ ಒತ್ತಬಾರದೆಂದು ಯಜಮಾನರು ಸಡಿಲವಾಗಿ ಹಿಡಿದು ಕುದುರೆ ಒತ್ತಿದರು. ಢಂ ಎಂದಿತು. ಆ ಸದ್ದಿಗೆ ಬೆಚ್ಚಿ ಮತ್ತೆ ಒತ್ತಿದರು. ಮತ್ತೆ ಢಂ. ಎರಡು ಗುಂಡೂ ದಿಬ್ಬ ಸೇರಿದವು, ಮಡಕೆ ಇದ್ದ ಹಾಗೇ ಇತ್ತು. ಅಮಲ್ದಾರರು, "ಆಯುಧ ಹಾರುತ್ತೋ ಇಲ್ಲವೋ ನೋಡೋದಷ್ಟೇ ನನ್ನ ಕೆಲಸ. ಗುರಿ ನಿಮಗೂ ನಿಮ್ಮ ದೇವರಿಗೂ ಬಿಟ್ಟದ್ದು" ಎಂದು ರುಜು ಹಾಕಿದರಂತೆ.

ಪಿಸ್ತೂಲು ಮನೆಗೆ ಬಂತು. ಅತ್ತೆ ಅಂದು ಎರಡು ಮುದ್ದೆ ಉಂಡರು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಯಜಮಾನರ ನಡಿಗೆ ಬದಲಾಯಿತು. ಗದ್ದೆಗೆ ಹೋಗುವಾಗಲೂ ಅದು ಸೊಂಟದಲ್ಲಿ. ಕಾಲುವೆಯ ನೀರಿನ ಸರದಿಗಾಗಿ ಚಿಕ್ಕಪ್ಪನ ಮಗನ ಜೊತೆ ಮೊದಲೂ ಜಗಳವಾಗುತ್ತಿತ್ತು, ಈಗ ಮಾತಿನ ನಡುವೆ ಇವರ ಕೈ ಸೊಂಟದ ಕಡೆ ಹೋಗತೊಡಗಿತು.

ಒಂದು ದಿನ ಅವರು ಸ್ನಾನಕ್ಕೆ ಹೋಗಿದ್ದಾಗ ಅತ್ತೆ ಬಟ್ಟಲಲ್ಲಿ ವಿಭೂತಿ ಕಲೆಸುತ್ತಿದ್ದರು. ಹಬ್ಬವಲ್ಲ, ಹುಣ್ಣಿಮೆಯಲ್ಲ. ಪಿಸ್ತೂಲು ಅವರ ಮಡಿಲಲ್ಲಿತ್ತು. ನಾನು ತಡೆಯಲಾರದೆ, "ಅತ್ತೆ, ಒಳಗೆ ಬಳೀಬೇಡಿ, ಅದ್ರಿಂದ್ಲೇ ಅದು ಕೆಟ್ಟಿದ್ದು!" ಎಂದುಬಿಟ್ಟೆ.

"ಗೊತ್ತು ಕಣವ್ವ" ಎಂದರು ಅವರು, ಕೈ ನಿಲ್ಲಿಸದೆ. "ನಿಮ್ಮ ಮಾವ ಇದೇ ಕಾಲುವೆ ನೀರಿಗೆ ಒಡಹುಟ್ಟಿದ ತಮ್ಮನ ಮುಂದೆ ಇದನ್ನ ಇಡಿದು ನಿಂತಿದ್ರು. ಅವನೂ 'ಒಡಿ ಅಣ್ಣ' ಅಂತ ಎದೆ ಕೊಟ್ಟು ನಿಂತ. ಅಂಗೇ ಕೈ ಇಳಿಸಿದ್ರು ಅನ್ನು. ಆ ವರ್ಸದ ಆಯ್ದಪೂಜೆಗೆ ಮೊದಲ್ನೇ ಸಲ ಒಳಕ್ಕೂ ಬಳಿದೆ."

"ಮಾವನವರಿಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ದೆ ಏನು? ಒಂದ್ಸಲ ಎಳೆದು ನೋಡಿದ್ರು. ಬರ್ನಿಲ್ಲ. ನನ್ನ ಮಕ ನೋಡಿದ್ರು. 'ಇಬೂತಿ ಚಂದಾಗಿ ಅಚ್ಚೀಯ' ಅಂದ್ರು. ಅಷ್ಟೆ. ಆಮೇಲೆ ಸಾಯೋಗಂಟ ಅದನ್ನೇ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡಿದ್ರು."

"ಹಾಗಿದ್ದ ಮೇಲೆ ಸರ್ಕಾರಕ್ಕೆ ಹೋಗಿದ್ರೆ ಹೋಗ್ತಿತ್ತು, ಬಿಡಬಾರದಿತ್ತಾ ಅತ್ತೆ?"

ಅತ್ತೆ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. "ಇದು ಕೈಬಿಟ್ಟು ಓದ್ರೆ ನಿನ್ನ ಗಂಡ ಇನ್ನೊಂದು ಒಸದು ತರ್ತಾನೆ. ಅದು ದೇವರ ಗೂಡಿಗೆ ಬತ್ತದಾ? ಅದಕ್ಕೆ ಇಬೂತಿ ಬಳಿಯೋಕೆ ಬಿಡ್ತಾನಾ?"

ಬೆರಳಿನಿಂದ ಸಂದಿಗಳಿಗೆಲ್ಲ ತುಂಬಿ, ಮೇಲೆ ಮೂರು ಗೆರೆ ಎಳೆದು, ಪಿಸ್ತೂಲನ್ನು ಗೂಡಿನಲ್ಲಿಟ್ಟು ಅತ್ತೆ ಕೈಮುಗಿದರು. ನಾನೂ ಮುಗಿದೆ.

ಈಗ ಅತ್ತೆಯಿಲ್ಲ, ಕಾಲುವೆಯ ಜಗಳ ಇದೆ. ವಿಭೂತಿಯ ಕೆಲಸ ನನ್ನ ಪಾಲಿಗೆ ಬಂದಿದೆ. ಅತ್ತೆ ಬರಿಯ ನೀರಿನಲ್ಲಿ ಕಲೆಸುತ್ತಿದ್ದರು, ನಾನು ಅಡಿಗೆಯವಳ ಬುದ್ಧಿ ಉಪಯೋಗಿಸಿ ಅಕ್ಕಿಯ ಗಂಜಿಯನ್ನೂ ಸೇರಿಸುತ್ತೇನೆ, ಚೆನ್ನಾಗಿ ಹಿಡಿಯುತ್ತದೆ. ಯಜಮಾನರು ಬಂದವರೊಡನೆ, "ನಮ್ಮವಳ ಭಕ್ತಿ ನಮ್ಮವ್ವನ್ನೂ ಮೀರಿಸ್ತು" ಎಂದು ಹೇಳಿಕೊಳ್ಳುತ್ತಾರೆ. ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತೇನೆ. ಅವರು ಒಮ್ಮೆಯಾದರೂ ಎಳೆದು ನೋಡಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ನನ್ನ ಜಾಣತನದ ಬಗ್ಗೆ ನನಗೆ ಬಹಳ ದಿನ ಹೆಮ್ಮೆಯಿತ್ತು. ಮೊನ್ನೆ ಹೊಸ ಅಮಲ್ದಾರರು ಬಂದರು, ಪಿಸ್ತೂಲನ್ನು ಇನ್ನೊಮ್ಮೆ ಹಾರಿಸಿ ತೋರಿಸಬೇಕಂತೆ. ಗಂಜಿ ಹಾಕಿದ ವಿಭೂತಿಯನ್ನು ಕೆರೆಯುತ್ತ ಹಿತ್ತಲಲ್ಲಿ ಕುಳಿತಿದ್ದೇನೆ. ಉಗುರೆಲ್ಲ ಸವೆದವು, ಇನ್ನೂ ಕುದುರೆಯವರೆಗೆ ತಲುಪಿಲ್ಲ.