ಉಚ್ಚೆಂಗೆಮ್ಮನವರ ನಿರಂತರ ಶಿಕ್ಷಣ

ದಾವಣಗೆರೆ–ಹರಿಹರ ವಲಯದಲ್ಲಿ ವೃತ್ತಿನಿರತ ನರಮನೋವಿಜ್ಞಾನಿಗಳು ಒಬ್ಬರಿದ್ದಾರೆ. ಈ ಒಬ್ಬರ ಜ್ಞಾನ ಹಳಸದಂತೆ ನೋಡಿಕೊಳ್ಳಲು ನಿರಂತರ ಶಿಕ್ಷಣ ಮಂಡಳಿಯು ಒಂದು ವಲಯ ಸಮಿತಿಯನ್ನು ರಚಿಸಿದೆ. ಸಮಿತಿಗೆ ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಗೌರವಾಧ್ಯಕ್ಷರು ಇದ್ದು, ಈ ಮೂವರ ನಡುವೆ ಮನಸ್ತಾಪ ಬಾರದಂತೆ ಕಾಯಲು ಒಬ್ಬ ಸಂಚಾಲಕರೂ ಇದ್ದಾರೆ. ಸಂಚಾಲಕರ ಹೆಸರು ರುದ್ರಮುನಿ. ದಾವಣಗೆರೆಯಲ್ಲಿ ಅವರದು ಶಾಲು, ಪೇಟ, ಹಾರ, ನೆನಪಿನ ಕಾಣಿಕೆಗಳ ಅಂಗಡಿ. ಹೀಗಾಗಿ ಮನುಷ್ಯನ ಮೆದುಳಿನ ಬಗ್ಗೆ ಅವರಿಗೆ ಮೊದಲಿನಿಂದಲೂ ಒಲವು.

ಆ ಒಬ್ಬರೇ ಡಾ. ಶಾಂತಲಾ. ಕೆ.ಬಿ. ಬಡಾವಣೆಯಲ್ಲಿ ಒಂದು ಮೆಡಿಕಲ್ ಶಾಪಿನ ಮೇಲೆ ಅವರ ಕ್ಲಿನಿಕ್. ತಲೆಗೆ ಪೆಟ್ಟು ಬಿದ್ದವರು, ಲಕ್ವ ಹೊಡೆದವರು, ಮನೆಯವರ ಹೆಸರು ಮರೆತವರು ಅಲ್ಲಿಗೆ ಬರುತ್ತಾರೆ. "ತಲೆಕೆಟ್ಟವರ ಡಾಕ್ಟ್ರೂ ಅಲ್ಲ, ನರದ ಡಾಕ್ಟ್ರೂ ಅಲ್ಲ, ಎರಡರ ಮಧ್ಯದೋರು" ಎಂದು ಕೆಳಗಿನ ಮೆಡಿಕಲ್ ಶಾಪಿನವರು ದಾರಿ ತೋರಿಸುತ್ತಾರೆ. ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ಶಾಂತಲಾ ಪಠ್ಯಪುಸ್ತಕದಲ್ಲೂ ಓದಿರಲಿಲ್ಲ.

ಈಚೆಗೆ ಅವರ ಚಿಂತೆಯೆಲ್ಲ ಕಡರನಾಯಕನಹಳ್ಳಿಯ ಉಚ್ಚೆಂಗೆಮ್ಮನವರದು. ಲಕ್ವ ಹೊಡೆದ ಮೇಲೆ ಆಕೆಯ ಕೈಕಾಲು ಹೆಚ್ಚುಕಡಿಮೆ ವಾಪಸು ಬಂದವು. ಎಡಭಾಗದ ಲೋಕ ಮಾತ್ರ ಬರಲಿಲ್ಲ. ಕಣ್ಣಿಗೇನೂ ಆಗಿಲ್ಲ. ಎಡಗಡೆ ಅನ್ನುವುದೊಂದು ಇದೆ ಎಂಬುದನ್ನೇ ಮೆದುಳು ಕೈಬಿಟ್ಟಿದೆ. ತಟ್ಟೆಯ ಬಲಭಾಗದ ರೊಟ್ಟಿ ತಿಂದು, ಎಡಭಾಗದ ಪಲ್ಯ ಹಾಗೇ ಉಳಿಸಿ, "ಇವತ್ತೂ ಪಲ್ಯ ಮಾಡಿಲ್ವಾ?" ಎಂದು ಸೊಸೆಯ ಮೇಲೆ ರೇಗುವರು. ಗಂಡ ಬೊಮ್ಮಣ್ಣ ಸುಮ್ಮನೆ ತಟ್ಟೆ ತಿರುಗಿಸುವರು. "ಹಾಂ, ಬೈದ್ಮೇಲೆ ಬಂತು ನೋಡು" ಎಂದು ಆಕೆ ಪಲ್ಯಕ್ಕೆ ಕೈಹಾಕುವರು.

ಶಾಂತಲಾ ಆಕೆಯ ಎಡಕ್ಕೆ ಕೂತು ಮಾತಾಡಿಸಿ, ಸದ್ದು ಮಾಡಿ, ಕೈಹಿಡಿದು, ತಲೆಯನ್ನು ಈ ಕಡೆ ಹೊರಳಿಸುವ ಅಭ್ಯಾಸ ಮಾಡಿಸುತ್ತಿದ್ದರು. ಉಚ್ಚೆಂಗೆಮ್ಮ ಆ ಮಾತಿಗೆ ಬಲಕ್ಕೆ ಕೂತ ಬೊಮ್ಮಣ್ಣನಿಗೆ ಉತ್ತರ ಕೊಡುತ್ತಿದ್ದರು. ಲಕ್ವ ಆದ ಮೊದಲ ತಿಂಗಳುಗಳಲ್ಲೇ ಮೆದುಳು ಮರುಪಾಠ ಕಲಿಯುವುದು ಹೆಚ್ಚು. ನಡುವೆ ಬಿಟ್ಟರೆ ಎಡಲೋಕ ಹೋದದ್ದು ಹೋದಂತೆಯೇ ಉಳಿದೀತೆಂಬ ಭಯ ಶಾಂತಲಾಗೆ.

ಹೀಗಿರುವಾಗ ಮಂಡಳಿಯ ಪ್ರಕಟಣೆ ಬಂತು:

"ವಲಯದ ಎಲ್ಲ ನರಮನೋವಿಜ್ಞಾನಿಗಳ ಗಮನಕ್ಕೆ. ನಿರಂತರ ಶಿಕ್ಷಣ ಶಿಬಿರವು ಹರಿಹರದ ಕಲ್ಯಾಣ ಮಂಟಪದಲ್ಲಿ ನಡೆಯಲಿದೆ. ವಿಷಯ: ಗಮನ ಮತ್ತು ಮೆದುಳು, ಇತ್ತೀಚಿನ ಬೆಳವಣಿಗೆಗಳು. ಶಿಬಿರಾರ್ಥಿಯಾಗಿ ಭಾಗವಹಿಸದವರ ನೋಂದಣಿ ರದ್ದಾಗುತ್ತದೆ. ಎಲ್ಲರೂ ಗುಂಪುಗೂಡದೆ ಶಿಸ್ತಿನಿಂದ ಬರತಕ್ಕದ್ದು."

ಶಾಂತಲಾ ಗುಂಪುಗೂಡದೆ ಹೋದರು. ಅಂದು ಕ್ಲಿನಿಕ್ಕಿಗೆ ಬೀಗ ಬಿದ್ದೀತೆಂದು ತಿಳಿದು ಬೊಮ್ಮಣ್ಣ ಹೆಂಡತಿಯನ್ನು ಕರೆದುಕೊಂಡು ಮಂಟಪಕ್ಕೇ ಬಂದುಬಿಟ್ಟಿದ್ದರು. ಅವರ ಊರಿಗೆ ಹರಿಹರವೇ ಹತ್ತಿರ. "ಊಟದ ಹೊತ್ತಿನಾಗಾದ್ರೂ ಒಂಚೂರು ಅಭ್ಯಾಸ ಮಾಡಿಸ್ರಿ ಡಾಕ್ಟ್ರಮ್ಮಾರೆ" ಎಂದು ಕೈಮುಗಿದರು. ಶಾಂತಲಾ ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ ತಾವೂ ಪಕ್ಕದಲ್ಲಿ ಕೂತರು.

ಕಾರ್ಯಕ್ರಮ ಸಕಾಲಕ್ಕೆ ಆರಂಭವಾಯಿತೆಂದು ವರದಿಯಲ್ಲಿದೆ. ನಾವೂ ಹಾಗೇ ಇಟ್ಟುಕೊಳ್ಳೋಣ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ಮುಗಿದು ಸನ್ಮಾನ ಶುರುವಾಯಿತು. ಅಧ್ಯಕ್ಷರಿಗೆ ಶಾಲು, ಕಾರ್ಯಾಧ್ಯಕ್ಷರಿಗೆ ಶಾಲು, ಗೌರವಾಧ್ಯಕ್ಷರಿಗೆ ಶಾಲಿನ ಮೇಲೊಂದು ಪೇಟ. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ರುದ್ರಮುನಿ ಅಂಗಡಿಯಿಂದ ಮೂಟೆಗಟ್ಟಲೆ ಶಾಲು ತಂದಿದ್ದರು. ಹೊದಿಸಿದ ಶಾಲಿಗೆ ಮಾತ್ರ ಮಂಡಳಿ ಬಿಲ್ ಪಾಸು ಮಾಡುವುದು. ಮಡಿಚಿದ ಶಾಲು ಶಿಕ್ಷಣದ ವ್ಯಾಪ್ತಿಗೆ ಬರುವುದಿಲ್ಲ.

"ಸಭೆಯಲ್ಲಿರುವ ಗಣ್ಯರು ದಯವಿಟ್ಟು ವೇದಿಕೆಗೆ ಬರಬೇಕು" ಎಂದು ನಿರೂಪಕ ಬಕ್ಕೇಶ್ ಘೋಷಿಸಿದರು. ಇವರು ರುದ್ರಮುನಿಯವರ ತಮ್ಮ. ಮಂಟಪದ ಮಾಲೀಕರು ಹತ್ತಿದರು. ಮೈಕಿನವರು ಹತ್ತಿದರು. ಮೈಕು ಕಿರುಚತೊಡಗಿತು, ಆದರೆ ಮೈಕಿನವರು ಈಗ ಗಣ್ಯರಾದ್ದರಿಂದ ಕೆಳಗಿಳಿದು ವೈರು ಮುಟ್ಟುವುದು ಅವರ ಘನತೆಗೆ ತಕ್ಕುದಾಗಿರಲಿಲ್ಲ. ಒಗ್ಗರಣೆಯ ನಡುವೆ ಇದ್ದ ಅಡುಗೆಯ ಅಕ್ಕನಾಗಮ್ಮ ಸೌಟು ಹಿಡಿದೇ ಬಂದರು. ಸೌಟಿಗೆ ಜಾಗ ಬಿಟ್ಟು ಶಾಲು ಹೊದಿಸಲಾಯಿತು. ಕುರ್ಚಿ ಸಾಲದೆ, ಕೆಳಗೆ ಖಾಲಿಯಾದ ಕುರ್ಚಿಗಳನ್ನೇ ಮೇಲೆ ಸಾಗಿಸಲಾಯಿತು.

ಕೊನೆಗೆ ರುದ್ರಮುನಿ ಶಾಂತಲಾ ಬಳಿ ಬಂದರು. "ಬರ್ರಿ ಮೇಡಂ, ಒಂದು ನಿಮಿಷ."

"ನಾನು ಶಿಬಿರಾರ್ಥಿ ರೀ. ಕೆಳಗೇ ಇರಬೇಕು."

"ನಿಮಗೆ ಹೊದಿಸ್ದೆ ಯಾರಿಗೆ ಹೊದಿಸೋದ್ರಿ? ಹೊದಿಸ್ಕೊಂಡು ಇಳಿದು ಬಂದ್ಬಿಡ್ರಿ. ಬ್ಯಾಡ ಅಂದ್ರೆ ಅಧ್ಯಕ್ಷರು ಬ್ಯಾಸರ ಮಾಡ್ಕಂತಾರೆ."

ಯಾರಿಗೂ ಬೇಸರವಾಗಬಾರದು ಎಂಬುದು ಶಾಂತಲಾ ಅವರ ದೌರ್ಬಲ್ಯ. ಹತ್ತಿದರು. ಶಾಲು ಬಿತ್ತು, ಹಾರ ಬಿತ್ತು, ಕೂರಲು ಕುರ್ಚಿಯೂ ಸಿಕ್ಕಿತು. ಇಳಿಯುವ ಮೆಟ್ಟಿಲಿನ ಮೇಲೆ ಆಗಲೇ ಇಬ್ಬರು ಗಣ್ಯರು ಕೂತಿದ್ದರು. ಬೆನ್ನಹಿಂದೆಯೇ ರುದ್ರಮುನಿ ಬೊಮ್ಮಣ್ಣನನ್ನೂ ಎಬ್ಬಿಸಿಕೊಂಡು ಬಂದರು. ಉಳಿದವರು ಉಚ್ಚೆಂಗೆಮ್ಮ. ಬಕ್ಕೇಶ್ ಖುದ್ದಾಗಿ ಇಳಿದು ಹೋಗಿ ಆಕೆಯ ಎಡಕ್ಕೆ ನಿಂತು "ಅಮ್ಮಾ, ಬರ್ರಿ ಮ್ಯಾಲೆ" ಎಂದು ಕೈನೀಡಿದರು. ಆಕೆ ಬಲಕ್ಕೆ ತಿರುಗಿ, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು, ಗಟ್ಟಿಯಾಗಿ ಕೂತರು. ಬಕ್ಕೇಶ್ ಎಷ್ಟು ಬೇಡಿದರೂ ಆಕೆ ಗೋಡೆಯನ್ನೇ ನೋಡುತ್ತಿದ್ದರು. ಶಾಲು ನಿರಾಕರಿಸಿದ ಮನುಷ್ಯರನ್ನು ಬಕ್ಕೇಶ್ ಅದುವರೆಗೆ ಕಂಡಿರಲಿಲ್ಲ. ಹೆದರಿ ಹಿಂತಿರುಗಿದರು.

ಈಗ ಹರಿಹರದ ಆ ಮಂಟಪದಲ್ಲಿ ಪ್ರೇಕ್ಷಕರು ಒಬ್ಬರು. ಉಚ್ಚೆಂಗೆಮ್ಮ ತಮಗೆ ಕಂಡ ಬಲಭಾಗದ ಗಣ್ಯರನ್ನು ನೋಡಿ ಖುಷಿಯಿಂದ ತಲೆಯಾಡಿಸಿ, ಚಪ್ಪಾಳೆಗೆ ಎಡಗೈ ನೆನಪಾಗದೆ ಬಲಗೈಯಿಂದ ತೊಡೆ ತಟ್ಟಿದರು. ಎಡಭಾಗದಲ್ಲಿದ್ದ ಗೌರವಾಧ್ಯಕ್ಷರಿಗೆ ಕೆಡುಕೆನಿಸಿತು. ತಾವು ಮಾತಾಡಿದರೂ ಸಭೆ ತಮ್ಮತ್ತ ನೋಡುತ್ತಿಲ್ಲ! ಕುರ್ಚಿ ಎತ್ತಿಕೊಂಡು ಬಲಕ್ಕೆ ಹೋದರು. ಸಭೆ ತೊಡೆ ತಟ್ಟಿತು. ಕಾರ್ಯಾಧ್ಯಕ್ಷರೂ ಹೋದರು. ಅಕ್ಕನಾಗಮ್ಮ ಸೌಟಿನ ಸಮೇತ ಹೋದರು. ಸ್ವಲ್ಪ ಹೊತ್ತಿನಲ್ಲಿ ವೇದಿಕೆಯ ಒಂದು ಬದಿ ಬಣಗುಟ್ಟುತ್ತಿತ್ತು. ಇನ್ನೊಂದು ಬದಿಯಲ್ಲಿ ಗಣ್ಯರು ಒಬ್ಬರ ಮಡಿಲಲ್ಲಿ ಒಬ್ಬರು ಕೂತಿದ್ದರು. ಖಾಲಿ ಬದಿಯಲ್ಲಿ ಉಳಿದವರು ಶಾಂತಲಾ ಒಬ್ಬರೇ. ನಗು ತಡೆಯಲಾಗದೆ ಹಾರದೊಳಗೆ ಮುಖ ಹುದುಗಿಸಿಕೊಂಡಿದ್ದರು.

ಗಮನ ಮತ್ತು ಮೆದುಳಿನ ಬಗ್ಗೆ ಮಾತಾಡಲು ಬಂದಿದ್ದ ಉಪನ್ಯಾಸಕರು ಸನ್ಮಾನ ಸ್ವೀಕರಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. "ಸಮಯದ ಅಭಾವದಿಂದ ಉಪನ್ಯಾಸವು ನಡೆದಿದೆ ಎಂದು ಭಾವಿಸಲಾಗಿದೆ" ಎಂದು ಬಕ್ಕೇಶ್ ಘೋಷಿಸಿ ವಂದನಾರ್ಪಣೆ ಮಾಡಿದರು.

ಇಷ್ಟೂ ಹೊತ್ತು ಬಾಗಿಲಲ್ಲಿ ನಿಂತಿದ್ದವರು ಮಂಡಳಿಯ ವೀಕ್ಷಕ ಅಂಜನಕುಮಾರ. ನಿಷ್ಪಕ್ಷಪಾತಿ. ಶಾಲು ಬೇಡವೆಂದು ಹೊಸ್ತಿಲು ದಾಟಿರಲೇ ಇಲ್ಲ. ಈಗ ಬಂದು ಉಚ್ಚೆಂಗೆಮ್ಮನವರಿಗೆ ಕೈಮುಗಿದು, ಶಿಬಿರ ಪೂರೈಸಿದ ಪ್ರಮಾಣಪತ್ರವನ್ನು ಅವರ ಬಲಗೈಗೆ ಕೊಟ್ಟರು.

ಶಾಂತಲಾ ಗಣ್ಯರನ್ನು ದಾಟಿಕೊಂಡು ಓಡಿ ಬಂದರು. "ಅವರು ನನ್ನ ಪೇಷಂಟು ರೀ!"

"ಇರಬಹುದು ಮೇಡಂ. ವಂದನಾರ್ಪಣೆವರೆಗೂ ಕೆಳಗೆ ಕೂತೋರೇ ಶಿಬಿರಾರ್ಥಿ ಅಂತ ನಿಯಮ ಐತೆ. ಮ್ಯಾಲೆ ಕೂತೋರು ಅತಿಥಿಗಳು. ಅತಿಥಿಗಳಿಗೆ ಕಲಿಯೋದು ಏನಿರ್ತತ್ರಿ?"

"ಅವರು ಕಲಿತದ್ದಾದರೂ ಏನು?"

"ಉಪನ್ಯಾಸನೇ ಆಗಿಲ್ವಲ್ಲ ಮೇಡಂ. ಕಲಿಯೋ ಅವಕಾಶ ಎಲ್ಲರಿಗೂ ಸಮಾನವಾಗಿತ್ತು."

"ಅವರು ನರಮನೋವಿಜ್ಞಾನವನ್ನೇ ಓದಿಲ್ಲ!"

ಅಂಜನಕುಮಾರರ ಮುಖದಲ್ಲಿ ನೋವು ಕಾಣಿಸಿತು. "ನಿರಂತರ ಶಿಕ್ಷಣ ಅಂದ್ರೆ ಮುಂದುವರಿಯೋ ಶಿಕ್ಷಣ. ಮೊದಲಿಂದು ಆಗದೆ ಮುಂದಿಂದು ಹೆಂಗೆ ಆಗ್ತತ್ರಿ? ಮುಂದಿಂದು ಆಗೇತಿ. ಅಂದ್ಮೇಲೆ ಮೊದಲಿಂದೂ ಆಗೇತಿ ಅಂತಲೇ ಅರ್ಥ."



ಆದೇಶ ಬೇಗ ಬಂತು. ಒಂದು, ಡಾ. ಶಾಂತಲಾ ಅವರ ನೋಂದಣಿ ರದ್ದಾಗಿದೆ. ಎರಡು, ವಲಯದ ವೃತ್ತಿನಿರತ ನರಮನೋವಿಜ್ಞಾನಿ ಶ್ರೀಮತಿ ಉಚ್ಚೆಂಗೆಮ್ಮ. ಮೂರು, ವೃತ್ತಿನಿರತರು ತಮ್ಮದೇ ಕ್ಷೇತ್ರದ ಕಾಯಿಲೆ ಹೊಂದಿರತಕ್ಕದ್ದಲ್ಲವಾದ್ದರಿಂದ ಸದರಿಯವರು ಆದೇಶದ ದಿನಾಂಕದಿಂದ ಗುಣಮುಖರಾಗಿರುತ್ತಾರೆ.

ಆದೇಶ ಹಿಡಿದು ಕ್ಲಿನಿಕ್ಕಿಗೆ ಬಂದ ಅಂಜನಕುಮಾರರನ್ನು ಬೊಮ್ಮಣ್ಣ ಕೇಳಿದರು: "ಅಂದ್ರೆ ಇವ್ಳು ಉಷಾರಾದ್ಲೇನ್ರಿ?"

"ಪೂರ್ತಿ."

"ಮತ್ತೆ ನಾನು ತಟ್ಟೆ ಯಾಕ ತಿರುಗಿಸ್ಬೇಕು?"

"ಅದು ನಿಮ್ಮ ಮನೆ ವಿಷಯ. ಮಂಡಳಿ ಅದರಾಗೆ ತಲೆ ಹಾಕಲ್ಲ."

ಶಾಂತಲಾಗೆ ಬಹಳ ದುಃಖವಾಯಿತು. ಕ್ಲಿನಿಕ್ಕಿನ ಬಾಗಿಲಿನಿಂದ ತಮ್ಮ ಹೆಸರಿನ ಬೋರ್ಡು ಇಳಿದದ್ದಕ್ಕಲ್ಲ. ಗುಣವಾದವರಿಗೆ ಚಿಕಿತ್ಸೆ ಕೊಡುವುದು ಈಗ ಅಪರಾಧವಾಗಿತ್ತು, ಉಚ್ಚೆಂಗೆಮ್ಮನವರ ಬೆಲೆಬಾಳುವ ವಾರಗಳು ಕೈಜಾರುತ್ತಿದ್ದವು. ಮೆಟ್ಟಿಲ ಮೇಲೆ ಕೂತು ಅತ್ತು, ಮೂಗು ಒರೆಸಿಕೊಂಡು, ಈಗ ಉಚ್ಚೆಂಗೆಮ್ಮನವರದಾದ ಆ ಕ್ಲಿನಿಕ್ಕಿನಲ್ಲಿ ತಾವು ಹೇಗಾದರೂ ಇರಬಹುದೇ ಎಂದು ಅಂಜನಕುಮಾರರನ್ನು ಕೇಳಿದರು.

"ಸಹಾಯಕಿಯಾಗಿ ಇರ್ರಿ. ಮೇಲ್ವಿಚಾರಕರು, ಅಂದ್ರೆ ಉಚ್ಚೆಂಗೆಮ್ಮನವರು, ನಿಮ್ಮ ಕೆಲಸ ನೋಡಿ, ನೋಡಿದ್ಮೇಲೆ ಮೊಹರು ಹಾಕ್ಬೇಕು."

"ನಾನು ಎಲ್ಲಿ ಕೂರಬೇಕು?"

"ಬಲಭಾಗ ಗಣ್ಯರಿಗೆ ಮೀಸಲು. ಸಹಾಯಕರು, ಮೊಹರು, ಮಸಿದಿಂಬು ಎಲ್ಲಾ ಎಡಕ್ಕೆ."

ಶಾಂತಲಾ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ಎದ್ದು ಅಂಜನಕುಮಾರರಿಗೆ ಕಾಫಿ ತರಿಸಿದರು. ಅವರು ನಿಷ್ಪಕ್ಷಪಾತದ ಕಾರಣ ಕುಡಿಯಲಿಲ್ಲ.

ಮಾರನೆಯ ದಿನದಿಂದ ಉಚ್ಚೆಂಗೆಮ್ಮ ದೊಡ್ಡ ಕುರ್ಚಿಯಲ್ಲಿ ಕೂತರು. ರೋಗಿಗಳು ಬಂದರು. ಎಡಗಡೆಯಿಂದ ಒಂದು ದನಿ ಅವರನ್ನು ಪರೀಕ್ಷಿಸುವುದು, ದೊಡ್ಡ ಕುರ್ಚಿಯವರು ತೂಕವಾಗಿ ತಲೆಯಾಡಿಸುವುದು. ಮಾಡುವವರು ಬೇರೆ, ನೋಡುವವರು ಬೇರೆ, ಹೀಗಿದ್ದರೇ ಅದು ದೊಡ್ಡ ಆಸ್ಪತ್ರೆಯ ಲಕ್ಷಣವೆಂದು ಬಡಾವಣೆಯ ಜನ ಮೆಚ್ಚಿಕೊಂಡರು. "ಮೇಡಂ, ಮೊಹರು" ಎಂದು ಶಾಂತಲಾ ಮೇಜು ಕುಟ್ಟುವರು. "ಎಲ್ಲೈತೆ?" "ಇನ್ನೂ ಈ ಕಡೆ." "ಇಲ್ಲೇನೂ ಇಲ್ಲ." "ಇನ್ನೊಂಚೂರು ತಿರುಗ್ರಿ." ಒಬ್ಬ ರೋಗಿಗೆ ಹತ್ತಾರು ಮೊಹರು ಬೇಕೆಂದು ಶಾಂತಲಾ ತಾವಾಗಿಯೇ ಒಂದು ನಿಯಮ ಕಟ್ಟಿದರು. ಮಂಡಳಿ ಕೇಳದೆಯೇ ಒಪ್ಪಿತು. ಮೊಹರು ಹೆಚ್ಚಿಸುವ ಯಾವ ನಿಯಮವನ್ನೂ ಅದು ಈವರೆಗೆ ತಿರಸ್ಕರಿಸಿಲ್ಲ. ದಿನಗಳೆದಂತೆ ಆಕೆಯ ಕೈ ಮಸಿದಿಂಬಿನವರೆಗೆ ಹೋಯಿತು. ಆಮೇಲೆ ಮೊಹರಿನವರೆಗೆ. ಮೊಹರಿನಾಚೆ ಜಗತ್ತು ಇರಲಿಲ್ಲ.

ಒಂದು ಬೆಳಗ್ಗೆ ಅಂಜನಕುಮಾರ ತಪಾಸಣೆಗೆ ಬಂದು ಬಲಕ್ಕೆ ಕೂತಿದ್ದಾಗ ಉಚ್ಚೆಂಗೆಮ್ಮ ಮೊಹರಿಗೆ ಕೈಚಾಚಿದರು. ಯಾರೂ ಮೇಜು ಕುಟ್ಟಿರಲಿಲ್ಲ. ಮೊಹರು ಸಿಕ್ಕಿದ ಮೇಲೂ ತಲೆ ನಿಲ್ಲದೆ ನಿಧಾನವಾಗಿ ಹೊರಳುತ್ತಲೇ ಹೋಗಿ, ಕೊನೆಯಲ್ಲಿ ಶಾಂತಲಾ ಮುಖದ ಮೇಲೆ ನಿಂತಿತು. ಬಹಳ ಹೊತ್ತು ನೋಡಿದರು.

"ಡಾಕ್ಟ್ರಮ್ಮಾ," ಎಂದರು, "ಎಲ್ಲಿ ಹೋಗಿದ್ರಿ ಇಷ್ಟು ದಿನ?"

"ಇಲ್ಲೇ ಇದ್ನಲ್ರಿ, ಇದೇ ಕುರ್ಚ್ಯಾಗೆ."

"ಸುಳ್ಳು ಹೇಳಬ್ಯಾಡ್ರಿ. ದಿನಾ ಬಂದು ಕೂಡ್ತೀನಿ ನಾನು. ಈ ಕಡೆ ಯಾರೂ ಇರ್ತಿರಲಿಲ್ಲ."

ಬೊಮ್ಮಣ್ಣ ಬಾಯಿಗೆ ಟವೆಲು ಒತ್ತಿಕೊಂಡು ಹೊರಗೆ ಹೋದರು. ಅಂಜನಕುಮಾರ ಪೆನ್ನು ತೆಗೆದರು. ಮೇಲ್ವಿಚಾರಕರೇ ನೋಡಿಲ್ಲವೆಂದ ಮೇಲೆ ಅದು ಗೈರುಹಾಜರಿಯೇ ಎಂದು ಅವರು ವಿಷಾದದಿಂದ ತಿಳಿಸಿದರು.

ಶಾಂತಲಾ ಅಳುತ್ತ ನಗುತ್ತಿದ್ದರು. "ತಪ್ಪಾತ್ರಿ ಮೇಡಂ."

"ಇರ್ಲಿ, ಅಳಬ್ಯಾಡ್ರಿ" ಎಂದರು ಉಚ್ಚೆಂಗೆಮ್ಮ, ಅವರ ಕಡೆಗೇ ನೋಡುತ್ತ. "ನಾಳಿಂದ ಸರಿಯಾಗಿ ಬರ್ರಿ."

ಆ ಎಲ್ಲ ದಿನಗಳನ್ನೂ ಅನಧಿಕೃತ ಗೈರುಹಾಜರಿಯೆಂದು ಮಂಡಳಿ ಆದೇಶ ಹೊರಡಿಸಿತು. ಶಾಂತಲಾ ಅದನ್ನು ಸಂತೋಷದಿಂದ ಒಪ್ಪಿ ಸಹಿ ಮಾಡಿದರು.