ಕೋಳಿ ಸಾಕಣೆಗೆ ಸಂದ ಕಾದಂಬರಿಯ ಕುರಿತು ಪ್ರಶ್ನಾರ್ಥಕ ಚಿಹ್ನೆಯವರಿಗೆ

ಮಾರ್ಚ್ ಎಂಟು, ಶನಿವಾರ. ಗ್ರಂಥಾಲಯದ ಓದುವ ಕೋಣೆ. ಯಾರೂ ಒಯ್ಯದ ಕಾರಣ ಅನುವಾದಗಳ ಕಪಾಟನ್ನು ಸೋಮವಾರ ರದ್ದಿಗೆ ಹಾಕಲಾಗುವುದೆಂಬ ಸೂಚನೆ ಬಾಗಿಲಿಗೆ ಅಂಟಿದೆ.

ಮಾನ್ಯ ಪ್ರಶ್ನಾರ್ಥಕ ಚಿಹ್ನೆಯವರೇ,

ಬೆನ್ನು ಬಾಗಿಸಿ, ಕಾಲ ಕೆಳಗೊಂದು ಚುಕ್ಕೆಯಿಟ್ಟು ನಿಲ್ಲುವ ತಮ್ಮ ವಿನಯಕ್ಕೆ ಮೊದಲು ನನ್ನ ನಮಸ್ಕಾರ. ವಾಕ್ಯದ ಕೊನೆಯಲ್ಲಿ ಒಬ್ಬರೇ ಇರುತ್ತಿದ್ದ ತಾವು ಈಗ ನಮ್ಮ ಗ್ರಂಥಾಲಯದ ಜಾಲತಾಣದಲ್ಲಿ ಸಕುಟುಂಬ ಸಪರಿವಾರ ಬಿಡಾರ ಹೂಡಿ, ಪ್ರತಿ ಪುಸ್ತಕದ ಹೆಸರಿನ ಪ್ರತಿ ಅಕ್ಷರದ ಜಾಗದಲ್ಲೂ ಆಸೀನರಾಗಿರುವುದನ್ನು ಕಂಡು ಸಂತೋಷಪಡಲು ನಾನು ಮನಸಾರೆ ಪ್ರಯತ್ನಿಸಿದ್ದೇನೆ.

ತಮಗಿಂತ ಮುಂಚೆ ಅಲ್ಲಿ ಬೇರೆಯೇ ಅವತಾರವಿತ್ತು. ಪಟ್ಟಿಯನ್ನು ಹೊಸ ಯಂತ್ರಕ್ಕೆ ಸಾಗಿಸಿದಾಗ ನಮ್ಮ ಒಂದೊಂದು ಅಕ್ಷರವೂ ಮೂರು ಮೂರು ಪರದೇಶಿ ಅಕ್ಷರಗಳಾಗಿ ಒಡೆದಿತ್ತು. ನೋಡಲು ವಿಕಾರ, ಆದರೆ ಒಳಗೆ ಜೀವವಿತ್ತು. ಇದು ಯಾವ ಲಿಪಿಯ ಗಂಟು ಎಂದು ಯಂತ್ರಕ್ಕೆ ಸರಿಯಾಗಿ ಹೇಳಿದ್ದರೆ ಬಿಚ್ಚಿಕೊಳ್ಳುತ್ತಿತ್ತು. ರಿಪೇರಿಗೆ ಬಂದ ತಂತ್ರಜ್ಞರು ಅಷ್ಟು ಹೇಳುವ ಬದಲು, ನಮ್ಮ ಲಿಪಿಯ ಗಂಧವೇ ಇಲ್ಲದ ಪೆಟ್ಟಿಗೆಗೆ ಎಲ್ಲವನ್ನೂ ಸುರಿದರು. ಪೆಟ್ಟಿಗೆಯು ತನಗೆ ತಿಳಿಯದ ಜಾಗಕ್ಕೆಲ್ಲ ತಮ್ಮನ್ನು ನೇಮಿಸಿತು. "ನೋಡಿ ಮೇಡಂ, ಎಷ್ಟು ಕ್ಲೀನಾಗಿದೆ! ಒಂದಾದ್ರೂ ವಿಚಿತ್ರ ಅಕ್ಷರ ಇದೆಯಾ?" ಎಂದರು. ಖಂಡಿತ ಇರಲಿಲ್ಲ. ನೆಗಡಿಯೂ ಇರಲಿಲ್ಲ, ಮೂಗೂ ಇರಲಿಲ್ಲ.

ತಮ್ಮ ಸಮದೃಷ್ಟಿಯನ್ನಂತೂ ಎಷ್ಟು ಹೊಗಳಿದರೂ ಸಾಲದು. 'ಮೂರು ಕಿಟಕಿ' ಎಂಬ ಪರಭಾಷೆಯ ಕಾದಂಬರಿಯನ್ನು ನಮ್ಮ ಭಾಷೆಗೆ ತಂದವರು ನನ್ನ ಸೋದರತ್ತೆ. ಪ್ರಕಾಶಕರು ಅಂಗಡಿ ಮುಚ್ಚಿದ್ದಾರೆ. ಮನೆಯ ಪ್ರತಿಯನ್ನು ಬೀಗರೊಬ್ಬರು ಓದಿ ಕೊಡುತ್ತೇವೆಂದು ಒಯ್ದು ಇನ್ನೂ ಓದುತ್ತಿದ್ದಾರೆ. ಉಳಿದಿರುವುದು ಗ್ರಂಥಾಲಯದ ಒಂದೇ ಪ್ರತಿ. ಅತ್ತೆಗೆ ಕಣ್ಣು ಮಂಜಾದ ಮೇಲೆ ಅದನ್ನು ಮತ್ತೆ ಮತ್ತೆ ತಂದು ಓದಿ ಹೇಳುವವಳು ನಾನು. ಸ್ವರಚಿಹ್ನೆಗಳನ್ನೂ ಬಿಡಿಬಿಡಿಯಾಗಿ ಎಣಿಸುವ ಯಂತ್ರದಲ್ಲಿ 'ಮೂರು ಕಿಟಕಿ' ಎಂದರೆ ನಾಲ್ಕು ತಾವು, ಸ್ವಲ್ಪ ಖಾಲಿ ಜಾಗ, ಮತ್ತೆ ಐದು ತಾವು. 'ಕೋಳಿ ಸಾಕಣೆ' ಎಂಬ ಕೈಪಿಡಿಯೂ ಅಷ್ಟೇ. ಕೌಂಟರಿನ ಗುಮಾಸ್ತರು ಪರದೆಯ ಮೇಲೆ ಬೆರಳಿಟ್ಟು, "ನಾಲ್ಕು, ಆಮೇಲೆ ಐದು... ಹಾಂ, ಸಿಕ್ತು!" ಎಂದು ಮೊದಲು ಕಂಡದ್ದನ್ನು ಒತ್ತುತ್ತಾರೆ. ಮೊದಲು ಕಾಣುವುದು ಕೃಷಿ ಕಪಾಟು, ಕಟ್ಟಕಡೆಗೆ ಅನುವಾದಗಳದ್ದು.

ಹೀಗಾಗಿ ನಾನೂ ಉಳಿದ ಓದುಗರೂ ಒಯ್ದ ಅನುವಾದಗಳೆಲ್ಲ ಅಷ್ಟಷ್ಟೇ ಅಕ್ಷರಗಳ ಕೈಪಿಡಿಗಳ ಹೆಸರಿನಲ್ಲಿ ಕೃಷಿಯ ಖಾತೆಗೆ ಜಮೆಯಾದವು. ವರ್ಷದ ವರದಿಯಲ್ಲಿ ಕೃಷಿ ಕಪಾಟಿಗೆ ಅಭಿನಂದನೆ, ಅನುವಾದಕ್ಕೆ ಸೊನ್ನೆ. ಊರೆಲ್ಲ ಕೋಳಿ ಸಾಕುತ್ತಿದೆಯೆಂದು ನಂಬಿದ ಸಮಿತಿಯವರು ಆ ಕೈಪಿಡಿಯ ಇನ್ನಷ್ಟು ಪ್ರತಿಗಳನ್ನು ತರಿಸುತ್ತಿದ್ದಾರೆ. ಜಾಗಕ್ಕಾಗಿ ನಮ್ಮ ಕಪಾಟು ಖಾಲಿಯಾಗಬೇಕು. ವಿಷಯ ತಿಳಿದ ಅತ್ತೆ, "ನನ್ನ ಕಾದಂಬರಿ ಕೋಳಿ ಹೊಟ್ಟೆಗೆ ಹೋಯ್ತೇನೇ? ಒಂದು ಮೊಟ್ಟೆನಾದ್ರೂ ಇಟ್ಟಿತಾ ಕೇಳು" ಎಂದು ನಕ್ಕರು. ಆಮೇಲೆ ಊಟಕ್ಕೆ ಏಳಲಿಲ್ಲ.

ಇಷ್ಟನ್ನೂ ವಿವರವಾಗಿ ಜಾಲತಾಣದ ದೂರಿನ ಪುಟದಲ್ಲಿ ಬರೆದೆ. ಉತ್ತರ ಬಂತು: "ತಮ್ಮ ಪ್ರಶ್ನೆಗಳು ವಿಪರೀತವಾಗಿವೆ. ದಯವಿಟ್ಟು ಒಂದೊಂದಾಗಿ ಕೇಳಿ."

ಆದ್ದರಿಂದ ನೇರವಾಗಿ ತಮ್ಮಲ್ಲೇ ವಿನಂತಿ. ರಿಪೇರಿಗೆ ಮುಂಚಿನ ಪಟ್ಟಿಯ ಪ್ರತಿಯೊಂದು ತಂತ್ರಜ್ಞರ ಡ್ರಾಯರಿನಲ್ಲಿ ಇದೆಯಂತೆ. ಅದನ್ನು ತಿರುಗಿ ಏರಿಸುವಂತೆ ಅವರಿಗೊಂದು ಮಾತು ಹೇಳಬೇಕು. ಅದಾಗದಿದ್ದರೆ ಸೋಮವಾರ ಒಂದು ದಿನದ ಮಟ್ಟಿಗೆ ತಾವೆಲ್ಲರೂ ಬೆನ್ನು ನೆಟ್ಟಗೆ ಮಾಡಿ ಆಶ್ಚರ್ಯಸೂಚಕರಾಗಿ ನಿಲ್ಲಬೇಕು. ಸಮಿತಿಯವರು ಬೆಚ್ಚಿಬಿದ್ದಾದರೂ ಯೋಚಿಸಿಯಾರು.

ಬೇರೆ ದಾರಿ ಕಾಣದೆ ತಮ್ಮ ವಿಶ್ವಾಸಿ,
ಒಂದು ಕೋಳಿಯನ್ನೂ ಸಾಕದ ಓದುಗಿ

ಮರೆತ ಮಾತು: 'ಮೂರು ಕಿಟಕಿ' ಸದ್ಯ ನನ್ನ ಮನೆಯಲ್ಲಿದೆ, ದಾಖಲೆಯ ಪ್ರಕಾರ ಅದು 'ಕೋಳಿ ಸಾಕಣೆ'. ಉಳಿದ ಪುಸ್ತಕಗಳಿಗೆ ತಾವೇ ಹೊಣೆ. ಇದೊಂದನ್ನು ಮಾತ್ರ ಹಿಂತಿರುಗಿಸದೆ, 'ಕೋಳಿ ಸಾಕಣೆ' ಕಳೆದುಹೋಯಿತೆಂದು ಸೋಮವಾರ ಬರೆದುಕೊಡುವುದೆಂದು ತೀರ್ಮಾನಿಸಿದ್ದೇನೆ. ಆ ಕೈಪಿಡಿ ಕೃಷಿ ಕಪಾಟಿನಲ್ಲೇ ಇದೆಯಲ್ಲ ಎಂದು ಯಾರಾದರೂ ತೋರಿಸಿದರೆ, ಅದೇ 'ಕೋಳಿ ಸಾಕಣೆ' ಎನ್ನಲು ನಿಮ್ಮ ಯಂತ್ರದಲ್ಲಿ ಪುರಾವೆ ತೋರಿಸಿ ಎನ್ನುವವಳಿದ್ದೇನೆ. ಇನ್ನೂ ಬರೆದುಕೊಟ್ಟಿಲ್ಲ.